ವೆಸ್ಟ್‌ಪೋರ್ಟಿನ ಕಾಲುದಾರಿಗಳೂ ನಮ್ಮ ಬಾಲಿಕೆಯರೂ

ಹೆಣ್ಣುಮಕ್ಕಳನ್ನು ಓದಿಸಬೇಕೆ ಬೇಡವೆ ಎಂಬ ವಾದವು ನಮ್ಮ ಶಾಲೆಯ ಪೋಷಕರಲ್ಲಿ ಮುಗಿದು ಬಹುಕಾಲವಾಯಿತು. ಆದರೆ ಅವರನ್ನು ನಡೆಯಲು ಬಿಡಬೇಕೆ ಬೇಡವೆ ಎಂಬ ವಾದವು ಇನ್ನೂ ಮುಗಿದಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಆಡುವುದಿಲ್ಲವಾದ್ದರಿಂದ ಅದು ಮುಗಿಯುವ ಬಗೆಯೂ ತೋರದು. ಮನೆಯ ಬಾಗಿಲಲ್ಲಿ ವಾಹನವೇರಿ ಶಾಲೆಯ ಬಾಗಿಲಲ್ಲಿ ಇಳಿಯುವ ಬಾಲಿಕೆಯು ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆಯುತ್ತಾಳೆ. ನಡುವಣ ಎರಡು ಮೈಲಿಯಲ್ಲಿ ಹೊಂಗೆ ಯಾವ ತಿಂಗಳು ಚಿಗುರುತ್ತದೆಂದು ಕೇಳಿದರೆ ತಲೆತಗ್ಗಿಸುತ್ತಾಳೆ. ಈ ಮಾತನ್ನು ನಾವು ಯಾರನ್ನೂ ನಿಂದಿಸುವುದಕ್ಕಾಗಿ ಬರೆಯುತ್ತಿಲ್ಲ. ದೂರದ ಒಂದು ಊರಿನ ಕಾಲುದಾರಿಗಳ ವೃತ್ತಾಂತವನ್ನು ಮುಂದಿಟ್ಟು, ಆಮೇಲೆ ನಮ್ಮ ಅಭಿಪ್ರಾಯವನ್ನು ಹೇಳುವುದೇ ನಮ್ಮ ಉದ್ದೇಶ.

ಆ ಊರು ಐರ್ಲೆಂಡಿನ ಪಡುವಣ ಕರಾವಳಿಯಲ್ಲಿ, ಮೇಯೊ ಕೌಂಟಿಯಲ್ಲಿರುವ ವೆಸ್ಟ್‌ಪೋರ್ಟ್. ಇಷ್ಟು ದೂರಕ್ಕೆ ಹೋಗಬೇಕಿತ್ತೆ ಎಂದು ಕೇಳುವವರು ಇದ್ದಾರು. ಆ ಸೀಮೆಯವರು ನಮಗೆ ಪೂರಾ ಅಪರಿಚಿತರಲ್ಲ. 1919ರಲ್ಲಿ ಮಂಗಳೂರಿನ ನ್ಯಾಷನಲ್ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಮಾರ್ಗರೆಟ್ ಕಸಿನ್ಸ್ ಅವರು ಅದೇ ಪಶ್ಚಿಮ ಪ್ರಾಂತದ ಬಾಯ್ಲ್ ಎಂಬ ಊರಿನಲ್ಲಿ ಹುಟ್ಟಿದವರು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ತಮ್ಮ ನಾಡಿನಲ್ಲಿ ಹೋರಾಡಿ ಸೆರೆಮನೆಯನ್ನೂ ಕಂಡ ಆ ಮಹಿಳೆ 1915ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದರು. ಆದ್ದರಿಂದ ಕನ್ನಡನಾಡಿನ ಬಾಲಿಕೆಯರ ವಿದ್ಯಾಭ್ಯಾಸಕ್ಕೂ ಐರ್ಲೆಂಡಿನ ಆ ಭಾಗಕ್ಕೂ ಒಂದು ಸಣ್ಣ ಋಣಾನುಬಂಧವುಂಟು.

ವೆಸ್ಟ್‌ಪೋರ್ಟ್ ದೊಡ್ಡ ಊರಲ್ಲ. ಹದಿನೆಂಟನೆಯ ಶತಮಾನದಲ್ಲಿ ನಕ್ಷೆಯಿಟ್ಟು ಕಟ್ಟಿದ ಪಟ್ಟಣ. ನಡುವೆ ಕ್ಯಾರೋಬೆಗ್ ಎಂಬ ಪುಟ್ಟ ಹೊಳೆ, ಅದರ ಎರಡು ದಡಗಳಲ್ಲಿಯೂ ಸಾಲುಮರ. ಊರಿನ ಪಡುವಣಕ್ಕೆ ಕ್ಲೂ ಎಂಬ ಕೊಲ್ಲಿ. ಹಿಮಯುಗದಲ್ಲಿ ನೀರ್ಗಲ್ಲಿನ ರಾಶಿಯು ಸರಿದುಹೋಗುವಾಗ ಬಿಟ್ಟುಹೋದ ಮಣ್ಣಿನ ದಿಬ್ಬಗಳು ಕಡಲು ಏರಿದ ಮೇಲೆ ಅರೆಮುಳುಗಿ ದ್ವೀಪಗಳಾದವು. ವರ್ಷದ ದಿನಕ್ಕೊಂದರಂತೆ ಮುನ್ನೂರ ಅರುವತ್ತೈದು ದ್ವೀಪಗಳಿವೆ ಎಂದು ಜನರು ಹೇಳುತ್ತಾರೆ. ಎಣಿಸಿದವರಿಗೆ ಅಷ್ಟು ಸಿಕ್ಕಿಲ್ಲ. ಆದರೂ ಆ ಮಾತನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಮಳೆಯು ನಮ್ಮ ಮಲೆನಾಡಿನ ಆಷಾಢವನ್ನು ನೆನಪಿಗೆ ತರುವಂಥದು, ಆದರೆ ಯಾವ ತಿಂಗಳಲ್ಲಾದರೂ ಬರಬಹುದು. ಬೇಸಗೆಯಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಬೆಳಕಿರುವುದರಿಂದ ನಡೆಯುವವರಿಗೆ ಆತುರವಿಲ್ಲ.

ಈ ಊರಿನಿಂದ ಆಕಿಲ್ ದ್ವೀಪದವರೆಗೆ ನಲವತ್ತು ಕಿಲೋಮೀಟರಿಗೂ ಮೀರಿದ ಒಂದು ದಾರಿಯಿದೆ. ಕಾಲ್ನಡೆಯವರಿಗೂ ಸೈಕಲ್ಲಿನವರಿಗೂ ಮೀಸಲಾದದ್ದು. ಇದಕ್ಕೆ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಎಂದು ಹೆಸರು. ಮೊದಲನೆಯ ಭಾಗವು 2010ರಲ್ಲಿಯೂ ಉಳಿದದ್ದು 2011ರಲ್ಲಿಯೂ ತೆರೆಯಿತು. ಒಂದು ಮಗ್ಗುಲಲ್ಲಿ ಕಡಲು, ಮತ್ತೊಂದು ಮಗ್ಗುಲಲ್ಲಿ ಬೆಟ್ಟ ಮತ್ತು ಕಪ್ಪುನೆಲದ ಜೌಗು. ಆ ಜೌಗಿನ ಮಣ್ಣನ್ನೇ ಇಟ್ಟಿಗೆಯಂತೆ ಕಡಿದು, ಒಣಗಿಸಿ, ಒಲೆಗೆ ಹಾಕುವುದು ಅಲ್ಲಿಯ ರೈತರ ಹಳೆಯ ರೂಢಿ. ಜೌಗಿನಲ್ಲಿ ಹುಳುಗಳನ್ನು ಹಿಡಿದು ತಿನ್ನುವ ಡ್ರಾಸೆರ ಗಿಡ ಬೆಳೆಯುತ್ತದೆ. ಎಲೆಯ ರೋಮದ ತುದಿಯಲ್ಲಿ ಇಬ್ಬನಿಯ ಹನಿಯಂತೆ ಅಂಟು ಮಿನುಗುತ್ತದೆ. ಇದರ ಒಡಹುಟ್ಟುಗಳು ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿಯೂ ಮಳೆಗಾಲದ ಕೊನೆಗೆ ಕಾಣಿಸುತ್ತವೆ. ಬಗ್ಗಿ ನೋಡಿದವರು ಎಷ್ಟು ಮಂದಿ?

ಆ ದಾರಿಯು ಮೊದಲು ರೈಲುದಾರಿಯಾಗಿತ್ತು. ಅದರ ಕಥೆಯನ್ನು ಹೇಳದೆ ಅದರ ಚೆಲುವನ್ನು ಮಾತ್ರ ವರ್ಣಿಸುವುದು ನಮಗೆ ಸರಿಕಾಣುವುದಿಲ್ಲ. ಆಕಿಲಿನ ಬಡವರು ಪ್ರತಿವರ್ಷ ಆಲೂಗಡ್ಡೆ ಕೀಳುವ ಕೂಲಿಗಾಗಿ ಸ್ಕಾಟ್ಲೆಂಡಿಗೆ ಹೋಗುತ್ತಿದ್ದರು. 1894ರ ಜೂನಿನಲ್ಲಿ ಹಾಗೆ ಹೊರಟವರನ್ನು ತುಂಬಿಕೊಂಡ ದೋಣಿಯೊಂದು ವೆಸ್ಟ್‌ಪೋರ್ಟಿನ ಧಕ್ಕೆಯ ಹತ್ತಿರಕ್ಕೆ ಬಂದಾಗ, ಅಲ್ಲಿ ನಿಂತಿದ್ದ ಹೊಗೆಹಡಗನ್ನು ನೋಡುವ ಆಸೆಯಿಂದ ಎಲ್ಲರೂ ಒಂದೇ ಮಗ್ಗುಲಿಗೆ ಸರಿದರು. ದೋಣಿ ಮಗುಚಿ ಮೂವತ್ತೆರಡು ಮಂದಿ ಮುಳುಗಿದರು. ಅವರಲ್ಲಿ ಅನೇಕರು ನಮ್ಮ ಮೇಲಿನ ತರಗತಿಯವರ ಪ್ರಾಯದ ಹುಡುಗಿಯರು. ರೈಲುದಾರಿಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಆ ದೇಹಗಳನ್ನು ಊರಿಗೆ ಒಯ್ಯುವುದಕ್ಕಾಗಿಯೇ ಆಕಿಲಿನ ಕಡೆಗೆ ಮೊದಲ ಗಾಡಿ ಓಡಿತು. 1937ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್ ಎಂಬಲ್ಲಿ ಕೂಲಿಯವರು ಮಲಗಿದ್ದ ಮನೆಗೆ ಬೆಂಕಿಬಿದ್ದು ಆಕಿಲಿನ ಹತ್ತು ಮಂದಿ ಹುಡುಗರು ಸತ್ತಾಗ, ಅವರ ಶವಗಳೂ ಅದೇ ದಾರಿಯಲ್ಲಿ ಬಂದವು. ಆ ತಿಂಗಳ ಕೊನೆಗೆ ರೈಲು ನಿಂತಿತು. ಬೆಂಕಿಯುಗುಳುವ ಬಂಡಿಯು ಮೊದಲ ಸಲವೂ ಕೊನೆಯ ಸಲವೂ ಹೆಣಗಳನ್ನು ಹೊತ್ತೀತೆಂದು ಹಿಂದಿನ ಕಾಲದವನೊಬ್ಬನು ನುಡಿದಿದ್ದನೆಂದು ಜನರು ಹೇಳುತ್ತಾರೆ. ಭವಿಷ್ಯವಾಣಿಯ ವಿಷಯವನ್ನು ನಾವು ಬದಿಗಿಡುತ್ತೇವೆ. ಆದರೆ ಇಂದು ಆ ದಾರಿಯಲ್ಲಿ ವಿಹಾರಕ್ಕಾಗಿ ಸಾಗುವ ಬಾಲಿಕೆಯು, ತನ್ನ ವಯಸ್ಸಿನವರು ಅಲ್ಲಿಂದ ಹೊಟ್ಟೆಪಾಡಿಗಾಗಿ ಹೊರಟಿದ್ದರೆಂಬುದನ್ನು ತಿಳಿದು ಸಾಗುವುದೇ ಒಳ್ಳೆಯದು.

ಹಳಿಗಳನ್ನು ಕಿತ್ತ ಮೇಲೆ ಆ ನೆಲವು ಅಕ್ಕಪಕ್ಕದ ಹೊಲಗಳವರ ಕೈಸೇರಿತ್ತು. ಐರ್ಲೆಂಡಿನಲ್ಲಿ ಪರರ ಭೂಮಿಯ ಮೇಲೆ ನಡೆದಾಡುವ ಸಾರ್ವಜನಿಕ ಹಕ್ಕು ಸ್ಕಾಟ್ಲೆಂಡಿನಲ್ಲಿರುವಂತೆ ಇಲ್ಲ. ಆದ್ದರಿಂದ ಆ ರೈತರು ಒಬ್ಬೊಬ್ಬರಾಗಿ ಸಮ್ಮತಿಸಿದ ಮೇಲೆಯೇ ದಾರಿ ಸಿದ್ಧವಾಯಿತು. ಅವರು ನೆಲವನ್ನು ಮಾರಲಿಲ್ಲ, ಹಕ್ಕನ್ನೂ ಬಿಟ್ಟುಕೊಡಲಿಲ್ಲ. ಹಾದುಹೋಗಿರೆಂದು ಅನುಮತಿ ಕೊಟ್ಟರು. ನಡೆಯುವವರು ಗೇಟನ್ನು ಮುಚ್ಚದಿದ್ದರೆ, ನಾಯಿಯನ್ನು ಕುರಿಗಳ ಮೇಲೆ ಬಿಟ್ಟರೆ, ಆ ಅನುಮತಿ ಹಿಂದಕ್ಕೆ ಹೋಗಬಹುದು. ನಡೆದಾಡುವವರಿಗೆ ಪ್ರಸಿದ್ಧವಾದ ಈ ಸೀಮೆಯ ನಿಜವಾದ ಸಂಪತ್ತು ಬೆಟ್ಟವೂ ಅಲ್ಲ, ಕಡಲೂ ಅಲ್ಲ, ಅಪರಿಚಿತನಿಗೆ ದಾರಿಬಿಡುವ ಈ ಒಪ್ಪಂದವೇ ಎಂದು ನಮಗೆ ತೋರುತ್ತದೆ.

ಬೆಟ್ಟದ ಮಾತನ್ನೂ ಹೇಳಬೇಕು. ಊರಿನಿಂದ ಎಂಟು ಕಿಲೋಮೀಟರಿನಷ್ಟು ದೂರದಲ್ಲಿ ಕ್ರೋ ಪ್ಯಾಟ್ರಿಕ್ ಎಂಬ ಶಂಕುವಿನಾಕಾರದ ಬೆಟ್ಟವಿದೆ. ಎತ್ತರ 764 ಮೀಟರ್. ಸಂತ ಪ್ಯಾಟ್ರಿಕನು 441ರಲ್ಲಿ ಅಲ್ಲಿ ನಲವತ್ತು ದಿನ ಉಪವಾಸವಿದ್ದನೆಂದು ಪರಂಪರೆಯ ಮಾತು. ಜುಲೈ ತಿಂಗಳ ಕಡೆಯ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ತುದಿಯಲ್ಲಿರುವ ಪ್ರಾರ್ಥನಾಲಯವು 1905ರದು. ಯಾತ್ರೆಯ ಪುಣ್ಯದ ವಿಷಯದಲ್ಲಿ ನಮ್ಮ ಸಭೆಯವರ ಅಭಿಪ್ರಾಯ ಬೇರೆಯಿದ್ದೀತು. ನಾವು ಅದನ್ನು ಇಲ್ಲಿ ಚರ್ಚಿಸುವುದಿಲ್ಲ. 1980ರ ದಶಕದಲ್ಲಿ ಆ ಬೆಟ್ಟದೊಳಗೆ ಚಿನ್ನ ಕಂಡುಬಂದಾಗ ಸುತ್ತಲಿನವರು ಗಣಿ ಬೇಡವೆಂದು ಪಟ್ಟುಹಿಡಿದರು, ಚಿನ್ನ ಇನ್ನೂ ಒಳಗೇ ಇದೆ. ಆದರೆ ಭಕ್ತಿಯೂ ಬೆಟ್ಟವನ್ನು ಸವೆಯಿಸುತ್ತದೆ. ಲಕ್ಷಾಂತರ ಪಾದಗಳು ತುಳಿದು ತುದಿಯ ಕಲ್ಲುಗಳು ಸಡಿಲಗೊಂಡು, ದಾರಿಯು ಅಗಲವಾದ ಗಾಯದಂತೆ ದೂರದಿಂದಲೇ ಕಾಣುವಷ್ಟಾಗಿತ್ತು; ಈಚಿನ ವರ್ಷಗಳಲ್ಲಿ ಅಲ್ಲಿಯದೇ ಕಲ್ಲುಗಳನ್ನು ಕೈಯಿಂದ ಜೋಡಿಸಿ ಮೆಟ್ಟಿಲು ಕಟ್ಟಿ ಸರಿಪಡಿಸಿದ್ದಾರೆ.

ಬೆಟ್ಟದ ಬುಡದಲ್ಲಿ, ಮರಿಸ್ಕ್ ಎಂಬ ಹಳ್ಳಿಯಲ್ಲಿ, 1997ರಲ್ಲಿ ನಿಲ್ಲಿಸಿದ ಕಂಚಿನ ಹಡಗೊಂದಿದೆ. ಅದರ ಹಾಯಿಹಗ್ಗಗಳ ಜಾಗದಲ್ಲಿ ಅಸ್ಥಿಪಂಜರಗಳಿವೆ. 1845ರಲ್ಲಿ ಆರಂಭವಾದ ಮಹಾಕ್ಷಾಮದ ನೆನಪಿಗಾಗಿ ಜಾನ್ ಬೀಹನ್ ಎಂಬ ಶಿಲ್ಪಿ ಮಾಡಿದ್ದು. ಅಲ್ಲಿಂದ ಮುಂದೆ ಲೂಯಿಸ್‌ಬರ್ಗಿನಿಂದ ಡೂಲೋ ಎಂಬ ಸರೋವರದ ದಡದ ಮೇಲೆ ಹೋಗುವ ದಾರಿಯು ಇಡೀ ಮೇಯೊದಲ್ಲಿ ಅತ್ಯಂತ ಸುಂದರವಾದುದೆಂದು ಹೆಸರಾಗಿದೆ. 1849ರ ಮಾರ್ಚ್ ಕೊನೆಯಲ್ಲಿ, ಧರ್ಮಾರ್ಥದ ಹಿಟ್ಟು ಸಿಗಬೇಕಾದರೆ ಅಧಿಕಾರಿಗಳ ಮುಂದೆ ಹಾಜರಾಗಬೇಕೆಂದು ಹಸಿದ ಜನರನ್ನು ಅದೇ ದಾರಿಯಲ್ಲಿ ಡೆಲ್ಫಿಯವರೆಗೆ ನಡೆಸಿದರು. ಅಲ್ಲಿ ಏನೂ ಕೊಡದೆ ಹಿಂದಕ್ಕೆ ಕಳುಹಿಸಿದರು. ಗಾಳಿ, ಚಳಿ, ಹಸಿವೆಗಳಿಂದ ಅನೇಕರು ದಾರಿಯಲ್ಲಿಯೇ ಬಿದ್ದು ಸತ್ತರು. ಈಗ ಪ್ರತಿವರ್ಷ ಅವರ ನೆನಪಿಗಾಗಿ ಜನರು ಆ ದಾರಿಯನ್ನು ನಡೆಯುತ್ತಾರೆ. ಅಲ್ಲಿ ನಿಲ್ಲಿಸಿರುವ ಕಲ್ಲಿನಲ್ಲಿ ಮಹಾತ್ಮಾ ಗಾಂಧಿಯವರ ಮಾತೊಂದನ್ನು ಕೆತ್ತಿದ್ದಾರೆ. ದಂಡಿಯವರೆಗೆ ನಡೆದ ಆ ಮಹನೀಯರ ಮಾತಿಗೆ ಅದಕ್ಕಿಂತ ತಕ್ಕ ಸ್ಥಳವನ್ನು ನಾವು ಕಾಣೆವು.

ಕೊಲ್ಲಿಯ ಬಾಯಿಗೆ ಅಡ್ಡವಾಗಿ ನಿಂತಿರುವ ಕ್ಲೇರ್ ದ್ವೀಪದ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಹದಿನಾರನೆಯ ಶತಮಾನದಲ್ಲಿ ಹಡಗುಗಳ ಒಡತಿಯಾಗಿ ಆ ಕಡಲನ್ನು ಆಳಿದ ಗ್ರೇಸ್ ಒ'ಮ್ಯಾಲಿಯ ಕೋಟೆ ಅಲ್ಲಿದೆ. 1593ರಲ್ಲಿ ಆಕೆ ಎಲಿಜಬೆತ್ ರಾಣಿಯನ್ನೇ ಕಂಡು ತನ್ನವರ ಬಿಡುಗಡೆಯನ್ನು ಕೇಳಿದಳು. ಆದರೆ ನಮಗೆ ಅದಕ್ಕಿಂತ ಹೆಚ್ಚು ಮನಮುಟ್ಟುವುದು ಬೇರೊಂದು ಸಂಗತಿ. 1909ರಿಂದ 1911ರವರೆಗೆ ರಾಬರ್ಟ್ ಲಾಯ್ಡ್ ಪ್ರೇಗರ್ ಎಂಬವರ ಮುಂದಾಳುತನದಲ್ಲಿ ನೂರಕ್ಕೂ ಹೆಚ್ಚು ಮಂದಿ ಶಾಸ್ತ್ರಜ್ಞರು ಆ ಒಂದು ದ್ವೀಪದ ಮತ್ತು ಸುತ್ತಲಿನ ಗಿಡ, ಹುಳು, ಮೀನು, ಕಲ್ಲು, ಹೆಸರು ಎಲ್ಲವನ್ನೂ ಬರೆದಿಟ್ಟರು. ಸ್ಪಂಜುಗಳ ಭಾಗವನ್ನು ಬರೆದವರು ಡಬ್ಲಿನ್ ವಸ್ತುಸಂಗ್ರಹಾಲಯದ ಜೇನ್ ಸ್ಟೀಫನ್ಸ್. ಆ ವಿಷಯದಲ್ಲಿ ಅವರಿಗೆ ಸಮನಾದವರು ಆಗ ಐರ್ಲೆಂಡಿನಲ್ಲಿ ಇರಲಿಲ್ಲ. 1920ರಲ್ಲಿ ಅವರು ಮದುವೆಯಾದರು. ಮದುವೆಯಾದ ಹೆಂಗಸು ಆ ಉದ್ಯೋಗದಲ್ಲಿ ಇರಕೂಡದೆಂಬ ನಿಯಮದಿಂದಾಗಿ ಸಂಗ್ರಹಾಲಯವನ್ನು ಬಿಟ್ಟರು. ಐರ್ಲೆಂಡಿನ ಸರ್ಕಾರಿ ಸೇವೆಯಲ್ಲಿ ಅಂಥ ನಿಯಮವು ತೊಲಗಿದ್ದು 1973ರಲ್ಲಿ. ನಮ್ಮಲ್ಲಿ ಆ ನಿಯಮವನ್ನು ಯಾವ ಕಾಗದದಲ್ಲಿಯೂ ಬರೆದಿಲ್ಲ. ಆದರೂ ಶಾಲೆಯಲ್ಲಿ ಎಲೆಗಳನ್ನು ಒಣಗಿಸಿ ಪುಸ್ತಕದಲ್ಲಿ ಅಂಟಿಸುತ್ತಿದ್ದ ಎಷ್ಟು ಮಂದಿ ಅಕ್ಕಂದಿರು ಮದುವೆಯ ಮಾರನೆಯ ದಿನದಿಂದ ಆ ಪುಸ್ತಕವನ್ನು ತೆರೆದಿದ್ದಾರೆ?

ಇನ್ನು ತಾಯಿತಂದೆಗಳ ಭಯದ ವಿಷಯ. ಅದನ್ನು ನಗುವಿಕೆಯಿಂದ ತಳ್ಳಿಹಾಕುವವರಲ್ಲಿ ನಾವಿಲ್ಲ. ನಾವು ಇಷ್ಟು ಹೊಗಳಿದ ಐರ್ಲೆಂಡಿನಲ್ಲಿಯೇ, 2022ರ ಜನವರಿಯಲ್ಲಿ, ಟಲ್ಲಮೋರ್ ಪಟ್ಟಣದ ಬಳಿ ಕಾಲುವೆಯ ದಡದಲ್ಲಿ ವ್ಯಾಯಾಮಕ್ಕೆಂದು ಹೋಗಿದ್ದ ಇಪ್ಪತ್ತಮೂರು ವರ್ಷದ ಶಾಲಾ ಉಪಾಧ್ಯಾಯಿನಿಯೊಬ್ಬಳನ್ನು ಹಗಲು ಬೆಳಕಿನಲ್ಲಿಯೇ ಕೊಂದರು. ನಾಡೆಲ್ಲವೂ ಮೇಣದಬತ್ತಿ ಹಚ್ಚಿ ಅತ್ತಿತು. ಆಗ ಅಲ್ಲಿಯ ಹೆಂಗಸರು ಹೇಳಿದ ಮಾತು, ಇನ್ನು ನಾವು ಮನೆಯಲ್ಲಿರುತ್ತೇವೆ ಎಂದಲ್ಲ; ಆಕೆ ಮಾಡಬಾರದ್ದನ್ನೇನೂ ಮಾಡಿರಲಿಲ್ಲ ಎಂಬುದು. ಕಾಲುವೆಯ ದಾರಿಯನ್ನು ಮುಚ್ಚಲಿಲ್ಲ. ನಮ್ಮ ಅಭಿಪ್ರಾಯವೂ ಇದೇ. ದಾರಿಯಲ್ಲಿ ಕೇಡಿಗನಿದ್ದರೆ ದಾರಿಯಿಂದ ತೊಲಗಬೇಕಾದವನು ಅವನು. ಬಾಲಿಕೆಯರು ತೊಲಗಿದಷ್ಟೂ ದಾರಿ ನಿರ್ಜನವಾಗುತ್ತದೆ, ನಿರ್ಜನವಾದಷ್ಟೂ ಅಪಾಯ ಬೆಳೆಯುತ್ತದೆ. ಒಬ್ಬಳನ್ನು ಕಳುಹಿಸಲು ಅಂಜುವಿರಾದರೆ ಇಪ್ಪತ್ತು ಮಂದಿಯನ್ನು ಕಳುಹಿಸಿರಿ. ಜೊತೆಗೆ ನೀವೂ ಬನ್ನಿರಿ. ನಮ್ಮ ಕರ್ತನು ತನ್ನ ಶಿಷ್ಯರಿಗೆ ಬೋಧಿಸಿದ್ದು ಹೆಚ್ಚಾಗಿ ನಡೆಯುತ್ತಲೇ; ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಆತನ ಸಂಗಡ ನಡೆದರು, ಮತ್ತು ಗುರುತಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಜಲಪಾತಕ್ಕೆ ಕರೆದೊಯ್ದು, ಪುಳಿಯೋಗರೆ ತಿಂದು, ಹಾಡುಹೇಳಿ ಬರುವುದಿದೆಯಲ್ಲಾ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಅದು ಸಂತೋಷದ ಕೆಲಸ, ನಿಲ್ಲಿಸಬೇಕಾಗಿಲ್ಲ. ಆದರೆ ಒಂದೇ ದಾರಿಯನ್ನು ವರ್ಷದ ಹನ್ನೆರಡು ತಿಂಗಳೂ ನಡೆದವಳಿಗೆ ತಿಳಿಯುವುದು ಒಂದು ದಿನದ ಜಲಪಾತದಿಂದ ತಿಳಿಯದು.

ಆದ್ದರಿಂದ ಬರುವ ವರ್ಷದಿಂದ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಶಾಲೆಯಿಂದ ಕೆರೆಯ ಏರಿಯವರೆಗೂ, ಅಲ್ಲಿಂದ ಗುಡ್ಡದ ಬುಡದವರೆಗೂ ನಡೆಯುವ ಏರ್ಪಾಟಾಗಬೇಕೆಂದು ನಾವು ಸೂಚಿಸುತ್ತೇವೆ. ಇಬ್ಬರು ಉಪಾಧ್ಯಾಯಿನಿಯರು, ಇಬ್ಬರು ತಾಯಂದಿರು, ಆದರೆ ಒಬ್ಬ ಹಳೆಯ ವಿದ್ಯಾರ್ಥಿನಿ ಸಂಗಡ ಇರಲಿ. ಕಂಡ ಗಿಡ, ಹಕ್ಕಿಗಳ ಹೆಸರನ್ನು ಊರಿನವರು ಕರೆಯುವಂತೆಯೇ ಬರೆದಿಡಲು ಒಂದು ದಪ್ಪ ಪುಸ್ತಕವಿರಲಿ, ಅದು ಶಾಲೆಯಲ್ಲಿಯೇ ಉಳಿಯಲಿ. ದಾರಿಯು ಮೂವರ ಹೊಲಗಳ ಬದುವಿನ ಮೇಲೆ ಹೋಗುತ್ತದೆ; ಅವರನ್ನು ಮುಂಚಿತವಾಗಿ ಕಂಡು ಅಪ್ಪಣೆ ಪಡೆಯುವ ಕೆಲಸವನ್ನು ಬಾಲಿಕೆಯರೇ ಮಾಡಲಿ. ಜೊತೆಗೆ ಬರಲು ಒಪ್ಪುವ ತಾಯಂದಿರು ಮುಖ್ಯೋಪಾಧ್ಯಾಯಿನಿಯವರಿಗೆ ತಮ್ಮ ಹೆಸರನ್ನು ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಮೊದಲ ಶನಿವಾರಕ್ಕೆ ಗಟ್ಟಿಯಾದ ಚಪ್ಪಲಿ, ಒಂದು ಕೊಡೆ, ಕುಡಿಯುವ ನೀರು ಇಷ್ಟೇ ಸಾಕು.