ಶಾಲೆಯೊಳಗೆ ಕೈ ಕೆಸರಾಗದ ಹಬ್ಬ

ಮಣ್ಣೆತ್ತಿನ ಅಮಾವಾಸ್ಯೆಗೆ ಸರ್ಕಾರಿ ರಜೆ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಆ ದಿನ ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಜೂನ್‌ನಲ್ಲೋ ಜುಲೈ ಮೊದಲರ್ಧದಲ್ಲೋ ಈ ಹಬ್ಬ ಬರುವ ಹೊತ್ತಿಗೆ ಶಾಲೆಗಳು ಆಗಷ್ಟೇ ಶುರುವಾಗಿರುತ್ತವೆ. ಒಂದನೇ ತರಗತಿಯ ಹೊಸ ಮಕ್ಕಳ ಅಳು ಇನ್ನೂ ಪೂರ್ತಿ ನಿಂತಿರುವುದಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಅದೇ ವಯಸ್ಸಿನ ಮಕ್ಕಳು ಎರೆಮಣ್ಣು ತಂದು, ನಾದಿ, ಜೋಡೆತ್ತು ಮಾಡಿ, ಅವುಗಳ ಮುಂದೊಂದು ಮೇವಿನ ಗ್ವಾದಲಿ ಕಟ್ಟಿ, ಜೋಳದ ಕಾಳಿನಿಂದ ಕಣ್ಣು ಕೂರಿಸುತ್ತಾರೆ. ಕೆಲವು ಊರುಗಳಲ್ಲಿ ಕುಂಟೆತ್ತೊಂದನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಕೇಳುವುದೂ ಉಂಟು. ಕಾಸು ಖರ್ಚಿಲ್ಲ, ದೊಡ್ಡವರ ಉಸ್ತುವಾರಿ ಬೇಕಿಲ್ಲ. ಆದರೂ ಆ ದಿನ ಬಹುಪಾಲು ತರಗತಿಗಳಿಗೆ ಮಣ್ಣು ಬರುವುದಿಲ್ಲ; ಸಮವಸ್ತ್ರ ಕೊಳೆಯಾಗುತ್ತದಲ್ಲ!

ಹಾಗೆಂದು ಶಾಲೆಗಳು ಹಬ್ಬಗಳನ್ನು ಕೈಬಿಟ್ಟಿವೆ ಎನ್ನುವಂತಿಲ್ಲ. ಹಿಂದೆಂದಿಗಿಂತ ಜೋರಾಗಿಯೇ ನಡೆಯುತ್ತಿವೆ. ಕೃಷ್ಣಾಷ್ಟಮಿಗೆ ಎಲ್‌ಕೆಜಿ ಮಕ್ಕಳೆಲ್ಲ ನವಿಲುಗರಿ ಸಿಕ್ಕಿಸಿಕೊಂಡ ಕೃಷ್ಣರು, ಸಂಕ್ರಾಂತಿಗೆ ಕಬ್ಬು ಹಿಡಿದ ರೈತರು, ಕ್ರಿಸ್‌ಮಸ್‌ಗೆ ಕೆಂಪು ಟೋಪಿಯ ತಾತಂದಿರು. ವೇಷ ಬಾಡಿಗೆ ಅಂಗಡಿಯಿಂದ ಬರುತ್ತದೆ, ರಂಗೋಲಿಯನ್ನು ಮಿಸ್ ಹಾಕಿರುತ್ತಾರೆ, ಫೋಟೊ ಮಧ್ಯಾಹ್ನದೊಳಗೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ತಲುಪುತ್ತದೆ. ಇಷ್ಟರಲ್ಲಿ ಮಗು ಮಾಡಿದ್ದೇನು? ನಿಂತಿದ್ದು. ಅಳದೆ ನಿಂತಿದ್ದರೆ ಅದೇ ಸಾಧನೆ. ವೇಷಕ್ಕೆ ದುಡ್ಡು ಹೊಂದಿಸಲಾಗದ ಮನೆಯ ಮಗು ಆ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತದೆ.

ಇದರಲ್ಲಿ ಹಬ್ಬದ ನೋಟವಿದೆ, ಆಟವಿಲ್ಲ. ಆಟವಿಲ್ಲದ ಮೇಲೆ ಆರು ವರ್ಷದ ಮಗುವಿಗೆ ಕಲಿಯಲು ಹೆಚ್ಚೇನೂ ಉಳಿಯುವುದಿಲ್ಲ. ಈ ಮಾತಿಗೆ ಗಟ್ಟಿಯಾದ ಆಧಾರವಿದೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್ಸ್ಕಿ ಬರವಣಿಗೆಯ ಬೇರುಗಳನ್ನು ಹುಡುಕುತ್ತಾ ಹೋಗಿ ತಲುಪಿದ್ದು ಮಕ್ಕಳ ಆಟವನ್ನೇ. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು ಒಂದು ವಸ್ತುವನ್ನು ಇನ್ನೊಂದರ ಬದಲಿಗೆ ನಿಲ್ಲಿಸುವುದನ್ನು ರೂಢಿಸಿಕೊಳ್ಳುತ್ತಿರುತ್ತದೆ. ಮುಂದೆ ಒಂದು ಗೆರೆ ಒಂದು ಶಬ್ದದ ಬದಲಿಗೆ ನಿಲ್ಲುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದೂ ಅದೇ ಬುದ್ಧಿ ಎಂಬುದು ಅವರ ವಾದ. ಮಣ್ಣಿನ ಮುದ್ದೆಯನ್ನು ಎತ್ತು ಎಂದು ನಂಬಿ ಅದಕ್ಕೆ ಮೇವು ಹಾಕುವ ಮಗು ಅಕ್ಷರದ ಹೊಸ್ತಿಲಲ್ಲೇ ಇದೆ. ಎತ್ತಿಗೆ ನಾಲ್ಕು ಕಾಲು, ಜೋಡಿಗೆ ಎಂಟು ಎಂಬ ಲೆಕ್ಕ ಬೆರಳ ತುದಿಯಲ್ಲೇ ನಡೆಯುತ್ತದೆ. ಮಣ್ಣು ಗಟ್ಟಿಯಾದರೆ ಬಿರುಕು, ನೀರು ಹೆಚ್ಚಾದರೆ ಎತ್ತು ಕುಸಿತ. ‘ನಿನ್ನೆತ್ತು ಎಮ್ಮೆ ಥರ ಐತಿ’ ಎಂದು ಪಕ್ಕದವನು ಕಿಚಾಯಿಸಿದರೆ ಅದಕ್ಕೊಂದು ಉತ್ತರ ಹುಡುಕಲೇಬೇಕು. ಭಾಷಾ ಪಾಠ ಬೇರೆ ಬೇಕೆ?

ಕರ್ನಾಟಕಕ್ಕೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ, ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡ, ಆಟದಲ್ಲೇ ಕಲಿಸುವ ಪದ್ಧತಿ. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಲಿಕಲಿ ಕೋಣೆಯಲ್ಲಿ ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರವಿರುತ್ತದೆ. ಅದರಲ್ಲಿ ಅಚ್ಚಾದ ಚಿತ್ರಗಳೇ ನೇತಾಡುತ್ತಿದ್ದರೆ ಆ ಕೋಣೆಯಲ್ಲಿ ಕಲಿಕೆ ಹೇಗೆ ನಡೆದಿದೆಯೆಂದು ಬೇರೆ ಕೇಳಬೇಕಿಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರ ಕಲಿಕೆಗೆ ಆಟವನ್ನೇ ತಳಪಾಯ ಮಾಡಿದೆ.

ಇನ್ನೂ ಹಿಂದಕ್ಕೆ ಹೋದರೆ ಊರ ಹಳೆಯ ಶಾಲೆಗಳಾದ ಕೂಲಿಮಠಗಳಿದ್ದವು. ಮಹಾನವಮಿ ಬಂತೆಂದರೆ ಅಲ್ಲಿನ ಗುರುಗಳಾದ ಐಗಳು ಮಕ್ಕಳ ಕೈಗೆ ಬಣ್ಣದ ಬಿಲ್ಲು ಕೊಟ್ಟು ಮನೆಮನೆಗೆ ಕರೆದೊಯ್ದು ಚೌಪದ ಹಾಡಿಸುತ್ತಿದ್ದರು. ಮಕ್ಕಳಿಗೆ ತಿಂಡಿ, ಐಗಳಿಗೆ ಕಾಣಿಕೆ. ಬೆತ್ತದ ಆ ಮಠಗಳನ್ನು ಹೊಗಳುವ ಉಮೇದು ನನಗಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಕಲಿತದ್ದು ಬೀದಿಗೆ ಬರುತ್ತಿತ್ತು, ಊರು ಅದನ್ನು ಕೇಳಿಸಿಕೊಳ್ಳುತ್ತಿತ್ತು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಶಾಲೆಯಲ್ಲಿ ಯಾರ ಹಬ್ಬ? ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಈ ವಿಷಯದಲ್ಲಿ ಜಗಳಗಳು ಹುಟ್ಟಿದಾಗಲೆಲ್ಲ ಶಿಕ್ಷಕರು ಎರಡರಲ್ಲೊಂದು ದಾರಿ ಹಿಡಿಯುತ್ತಾರೆ: ಬಹುಸಂಖ್ಯಾತರ ಪೂಜೆಯನ್ನು ಸದ್ದಿಲ್ಲದೆ ಮಾಡಿ ಮುಗಿಸುವುದು, ಇಲ್ಲವೇ ಯಾವುದೂ ಬೇಡವೆಂದು ಬಾಗಿಲು ಮುಚ್ಚುವುದು. ಮೂರನೆಯದಾದ ಆಟದ ದಾರಿ ಇವೆರಡಕ್ಕಿಂತ ಸುರಕ್ಷಿತ, ಪ್ರಾಮಾಣಿಕ ಕೂಡ. ನಮ್ಮ ಹಬ್ಬಗಳಲ್ಲಿ ಮಕ್ಕಳ ಪಾಲಿಗೆ ಬಂದದ್ದು ಮೊದಲಿನಿಂದಲೂ ಆಟವೇ. ಪೂಜೆ ಹಿರಿಯರದು, ಪಂಚಮಿಯ ಜೋಕಾಲಿ ಮಕ್ಕಳದು. ಹೋಳಿ ಹಬ್ಬಕ್ಕೆ ಕಾಮನ ಕಟ್ಟಿಗೆ ಕದಿಯುವುದು, ಸಂಕ್ರಾಂತಿಗೆ ಎಳ್ಳು ಬೀರಲು ಓಡುವುದು, ಮೊಹರಂಗೆ ಹುಲಿವೇಷದವರ ಹಿಂದೆ ಕುಣಿಯುವುದು ಮಕ್ಕಳ ಕೆಲಸ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕರಾವಳಿಯ ಕ್ರೈಸ್ತ ಮಕ್ಕಳು ಬುಟ್ಟಿ ತುಂಬ ಹೂ ಕೊಯ್ದು ತಂದು ಬಾಲ ಮರಿಯಳಿಗೆ ಎರಚುತ್ತಾರೆ. ಆ ದಿನ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಹೂ ಆರಿಸುವುದು, ತೆನೆಯ ಕಾಳು ಎಣಿಸುವುದು, ಜೋಕಾಲಿಗೆ ಸರದಿ ಹಚ್ಚುವುದು ಶಾಲೆಗೆ ಬರಲಿ. ಮಂತ್ರ, ಪ್ರಾರ್ಥನೆ, ಪ್ರಸಾದ ಮನೆಯಲ್ಲಿರಲಿ. ಯಾವ ಮನೆಯವರಿಗೂ ಇದರಿಂದ ಕಸಿವಿಸಿಯಾಗದು.

ಆಟಕ್ಕೆ ಇನ್ನೊಂದು ಶಕ್ತಿಯಿದೆ, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಊರ ಹಬ್ಬದಲ್ಲಿ ಪಾತ್ರಗಳು ಹುಟ್ಟಿನಿಂದಲೇ ಹಂಚಿಹೋಗಿರುತ್ತವೆ. ಹಲಗೆ ಬಡಿಯುವವರು ಯಾರು, ಜೋಕುಮಾರನನ್ನು ಬುಟ್ಟಿಯಲ್ಲಿ ಹೊರುವವರು ಯಾರು, ಮುಂದೆ ನಿಲ್ಲುವವರು ಯಾರು ಎಂಬುದನ್ನು ಜಾತಿ ಗೊತ್ತುಮಾಡಿರುತ್ತದೆ. ಎತ್ತು ಹುಡುಗರದು, ಆಷಾಢದ ಮಣ್ಣಿನ ಗೊಂಬೆ ಗುಳ್ಳವ್ವ ಹುಡುಗಿಯರದು. ತರಗತಿಯ ಆಟದಲ್ಲಿ ಸರದಿಯೇ ನಿಯಮ. ಇವತ್ತು ಹಲಗೆ ಹಿಡಿದವಳು ನಾಳೆ ಗೌಡತಿ. ಗುಳ್ಳವ್ವನಿಗೆ ಸೀರೆ ಸುತ್ತುವವನು ಹುಡುಗ. ಪಾಠ ಹೇಳಿ ಬಾರದ ಸಮಾನತೆ ಈ ಅದಲುಬದಲಿನಲ್ಲಿ ಒಂದಿಷ್ಟಾದರೂ ಮೈಗೆ ಹತ್ತೀತು. ವೇಷಭೂಷಣದ ಸ್ಪರ್ಧೆಯಿಂದ ಮಾತ್ರ ಇದನ್ನು ನಿರೀಕ್ಷಿಸಬೇಡಿ. ಅಲ್ಲಿ ಬಹುಮಾನ ಹೋಗುವುದು ಒಳ್ಳೆಯ ಬಾಡಿಗೆ ಅಂಗಡಿಗೆ.

ಶಿಕ್ಷಣ ಇಲಾಖೆ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ಕೋವಿಡ್ ನಂತರದ ಕಲಿಕಾ ಚೇತರಿಕೆಯ ವರ್ಷ, 2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದಲ್ಲಿ ನಡೆದ ಕಲಿಕಾ ಹಬ್ಬದಲ್ಲಿ ಮಕ್ಕಳು ಕಾಗದ ಕತ್ತರಿಸಿ ಟೋಪಿ ಮಾಡಿದರು, ಹಾಡಿದರು, ಊರು ಸುತ್ತಿ ಹಿರಿಯರನ್ನು ಮಾತನಾಡಿಸಿದರು. ಚೀಲವಿಲ್ಲದ ಸಂಭ್ರಮ ಶನಿವಾರವೂ ಒಳ್ಳೆಯ ಯೋಚನೆಯೇ. ತೊಡಕಿರುವುದು ಎಲ್ಲ ಜಿಲ್ಲೆಗೂ ಒಂದೇ ಸುತ್ತೋಲೆ, ಒಂದೇ ಚಟುವಟಿಕೆ ಪುಸ್ತಕ ಹೋಗುವುದರಲ್ಲಿ. ವಿಜಯಪುರದ ಮಣ್ಣೆತ್ತು ಮಡಿಕೇರಿಗೆ ಬೇಕಿಲ್ಲ; ಅಲ್ಲಿ ಪುತ್ತರಿ ಹಬ್ಬದ ಕದಿರು ಇದೆ. ಆಮೇಲೆ ಆ ಫೋಟೊ! ಚಟುವಟಿಕೆ ನಡೆಯಿತೆಂಬುದಕ್ಕೆ ಫೋಟೊ ಕಳಿಸಬೇಕೆಂದಾದ ಕೂಡಲೇ ಶಿಕ್ಷಕರ ಕಣ್ಣು ಮಗುವಿನ ಕೈ ಬಿಟ್ಟು ಚೌಕಟ್ಟಿನ ಕಡೆ ತಿರುಗುತ್ತದೆ. ಕುಸಿದ ಎತ್ತು ಫೋಟೊಗೆ ಚೆನ್ನಲ್ಲವೆಂದು ಶಿಕ್ಷಕರೇ ತಿದ್ದಿಕೊಡುತ್ತಾರೆ. ಒಂದರಿಂದ ಐದನೇ ತರಗತಿಯವರೆಗೆ ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಅವರನ್ನು ದೂರಿ ಫಲವೂ ಇಲ್ಲ.

ಆದ್ದರಿಂದ ಕೇಳುವುದು ಹೊಸ ಯೋಜನೆಯನ್ನಲ್ಲ. ಶಾಲೆಯ ವಾರ್ಷಿಕ ಯೋಜನೆಯಲ್ಲಿ ಆ ಊರಿನ ಮಕ್ಕಳ ಹಬ್ಬಕ್ಕೆ ಮೂರ್ನಾಲ್ಕು ದಿನಗಳನ್ನು ಖಾಲಿ ಬಿಡಲಿ, ಯಾವ ಹಬ್ಬವೆಂಬುದನ್ನು ಶಿಕ್ಷಕರೂ ಶಾಲಾಭಿವೃದ್ಧಿ ಸಮಿತಿಯೂ (ಎಸ್‌ಡಿಎಂಸಿ) ಕೂತು ಗೊತ್ತುಮಾಡಲಿ. ಮಣ್ಣು ಹದ ಮಾಡಲು ಊರಿನ ಕುಂಬಾರರನ್ನೋ ಯಾರದಾದರೂ ಅಜ್ಜಿಯನ್ನೋ ಕರೆಯಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಭೇಟಿ ಕೊಟ್ಟಾಗ ಫೋಟೊ ಕೇಳುವ ಬದಲು ಮಕ್ಕಳು ಮಾಡಿದ ಎತ್ತುಗಳನ್ನು ಎತ್ತಿ ನೋಡಲಿ. ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ, ಅವನ್ನು ಮಾಡಿದವರು ಯಾರೆಂದು ವಿಚಾರಿಸಲಿ.