ಕಟ್ಟದೆ ಹೋದ ಸ್ಥಾವರದ ಪಾಠ

ಕಲ್ಲಿದ್ದಲನ್ನು ಶುದ್ಧಗೊಳಿಸುವೆವೆಂಬ ಭರವಸೆ ಸರ್ಕಾರಗಳಿಗೆ ಬಲು ಪ್ರಿಯವಾದುದು. ಗಣಿಯನ್ನು ಮುಚ್ಚಬೇಕಿಲ್ಲ, ಕಾರ್ಮಿಕರು ಕೆಲಸ ಕಳೆದುಕೊಳ್ಳಬೇಕಿಲ್ಲ, ಆದರೂ ಆಕಾಶ ನಿರ್ಮಲವಾಗುವುದು! ಇಂಥ ಭರವಸೆಯ ಬೆಲೆಯನ್ನು ಅರಿಯಬೇಕಾದವರು ಅಮೆರಿಕದ 'ಫ್ಯೂಚರ್‌ಜೆನ್' ಯೋಜನೆಯ ಕಥೆಯನ್ನು ನೆನೆಯಬೇಕು.

2003ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಸರ್ಕಾರ ಅದನ್ನು ಘೋಷಿಸಿತು. ಸಾಮರ್ಥ್ಯ 275 ಮೆಗಾವ್ಯಾಟ್. ಕಲ್ಲಿದ್ದಲನ್ನು ನೇರವಾಗಿ ಉರಿಸದೆ, ಮಿತವಾದ ಆಮ್ಲಜನಕ ಮತ್ತು ಹಬೆಯೊಡನೆ ಕಾಯಿಸಿ ಅನಿಲವಾಗಿಸುವುದು. ಅದರಿಂದ ಜಲಜನಕವನ್ನು ಬೇರ್ಪಡಿಸಿ ವಿದ್ಯುತ್ ಪಡೆಯುವುದು. ಉಳಿದ ಇಂಗಾಲದ ಡೈಆಕ್ಸೈಡನ್ನು ಭೂಗರ್ಭದಲ್ಲಿ ಹೂಳುವುದು – ಇದು ಸಂಕಲ್ಪ. ಭಾರತವೂ 2006ರಲ್ಲಿ 1 ಕೋಟಿ ಡಾಲರ್ ನೀಡಲೊಪ್ಪಿ ಪಾಲುದಾರನಾಯಿತು. ಹಾಗೆ ಸೇರಿದ ಮೊದಲ ಹೊರದೇಶ ನಮ್ಮದೇ.

2007ರ ಡಿಸೆಂಬರಿನಲ್ಲಿ ಇಲಿನಾಯ್ ರಾಜ್ಯದ ಮಟೂನ್ ಪಟ್ಟಣ ಆಯ್ಕೆಯಾಯಿತು. ಆರು ವಾರ ಕಳೆಯುವಷ್ಟರಲ್ಲಿ ಇಂಧನ ಇಲಾಖೆ ಕೈ ಹಿಂದೆಗೆದುಕೊಂಡಿತು. ವೆಚ್ಚ ದುಪ್ಪಟ್ಟಾಗಿ 180 ಕೋಟಿ ಡಾಲರ್ ಮುಟ್ಟಿದೆ ಎಂಬುದು ಅದು ನೀಡಿದ ಕಾರಣ. ಆದರೆ ಹಣದುಬ್ಬರ ಸೇರಿಸದ ಹಳೆಯ ಅಂದಾಜನ್ನು ಹಣದುಬ್ಬರ ಸೇರಿಸಿದ ಹೊಸ ಅಂದಾಜಿನೊಡನೆ ಹೋಲಿಸಲಾಗಿತ್ತೆಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ಬಯಲಿಗೆಳೆಯಿತು. ನಿಜವಾದ ಏರಿಕೆ ಸುಮಾರು ಶೇ. 39 ಮಾತ್ರ.

ಒಬಾಮಾ ಸರ್ಕಾರ 2010ರಲ್ಲಿ 100 ಕೋಟಿ ಡಾಲರ್ ಮೀಸಲಿಟ್ಟು ಹೆಸರನ್ನು ಉಳಿಸಿತು, ತಂತ್ರಜ್ಞಾನವನ್ನೂ ಸ್ಥಳವನ್ನೂ ಬದಲಿಸಿತು. ಇಂಗಾಲವನ್ನು ಹೂಳುವ ಕೆಲಸವಷ್ಟೇ ತನ್ನ ಪಾಲಿಗೆ ಉಳಿದಾಗ ಮಟೂನ್ ಹಿಂದೆ ಸರಿಯಿತು. ಹಣ ವ್ಯಯಿಸುವ ಗಡುವಿನೊಳಗೆ ಕೆಲಸ ಮುಗಿಯದೆಂದು 2015ರಲ್ಲಿ ಆ ರೂಪವೂ ಕೈಬಿಡಲ್ಪಟ್ಟಿತು.

ಕಟ್ಟಿದ್ದರೆ ಗೆಲ್ಲುತ್ತಿತ್ತೆಂದು ಹೇಳಲೂ ಬಾರದು. ಮಿಸಿಸಿಪಿಯ ಕೆಂಪರ್ ಸ್ಥಾವರವನ್ನು 700 ಕೋಟಿ ಡಾಲರಿಗೂ ಮಿಗಿಲಾದ ವೆಚ್ಚದಲ್ಲಿ ಕಟ್ಟಿದ ಮೇಲೂ 2017ರಲ್ಲಿ ಅನಿಲೀಕರಣವನ್ನು ತೊರೆದು ನೈಸರ್ಗಿಕ ಅನಿಲಕ್ಕೇ ಶರಣಾಗಬೇಕಾಯಿತು.

ಈ ಮಾತು ಇಂದು ನಮಗೇಕೆ? 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲೀಕರಿಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. 2024ರ ಜನವರಿಯಲ್ಲಿ ಕೇಂದ್ರ ಸಂಪುಟ 8,500 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಅನುಮೋದಿಸಿತು. ಮೆಥನಾಲ್, ಅಮೋನಿಯಾಗಳ ಆಮದು ತಗ್ಗಿಸುವ ಉದ್ದೇಶ ಅನಾದರಣೀಯವಲ್ಲ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಅದನ್ನು ಅನಿಲೀಕರಿಸುವುದು ಕಷ್ಟ. ಅನಿಲವಾಗಿಸಿದ ಮಾತ್ರಕ್ಕೆ ಇಂಗಾಲ ಮಾಯವಾಗುವುದಿಲ್ಲ. ಹಿಡಿದು ಹೂಳದಿದ್ದರೆ ಅದು ಗಾಳಿಗೇ ಸೇರುತ್ತದೆ.

ಆದುದರಿಂದ ಪ್ರತಿಯೊಂದು ಸ್ಥಾವರದ ವೆಚ್ಚ, ನೀರಿನ ಬಳಕೆ, ಹೊರಬೀಳುವ ಇಂಗಾಲ – ಈ ಮೂರರ ಲೆಕ್ಕವನ್ನೂ ಒಂದೇ ಅಳತೆಗೋಲಿನಲ್ಲಿ ವರ್ಷವರ್ಷವೂ ಪ್ರಜೆಗಳ ಮುಂದಿಡಬೇಕು. ಯೋಜನೆಯೊಂದನ್ನು ಕೈಬಿಡುವುದು ಅಪರಾಧವಲ್ಲ. ತಪ್ಪು ಲೆಕ್ಕದಿಂದ ಆರಂಭಿಸುವುದೂ, ತಪ್ಪು ಲೆಕ್ಕದಿಂದ ಕೈಬಿಡುವುದೂ ಪ್ರಜೆಗಳಿಗೆ ಬಗೆದ ದ್ರೋಹ.