ಗುತ್ತಿಗೆದಾರನ ಕಂಕುಳಲ್ಲಿ ಕಾಲ್ಚೆಂಡು

2025ರ ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದು ಲಾಕೌಟ್ ಆಯಿತು. ಯಾವ ಗಿರಣಿಯ ಗೇಟಿಗೂ ಬೀಗ ಬೀಳಲಿಲ್ಲ, ಯಾವ ಯಂತ್ರವೂ ನಿಲ್ಲಲಿಲ್ಲ. ಬೆಂಗಳೂರು ಎಫ್.ಸಿ. ಎಂಬ ಫುಟ್‌ಬಾಲ್ ತಂಡದ ಧಣಿಗಳು, ತಮ್ಮ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿದರು. ಲೀಗ್ ನಡೆಯುವುದೋ ಇಲ್ಲವೋ ತಿಳಿಯದು, ಆದ್ದರಿಂದ ಸಂಬಳವಿಲ್ಲ! "ನೂಲಿಗೆ ಬೇಡಿಕೆಯಿಲ್ಲ, ಆದ್ದರಿಂದ ಪಾಳಿಯಿಲ್ಲ" ಎಂಬ ನೋಟೀಸನ್ನು ಗೇಟಿನ ಮೇಲೆ ಓದಿ ಮನೆಗೆ ಮರಳಿದ ಗಿರಣಿ ಬಂಧುಗಳಿಗೆ ಈ ಭಾಷೆ ಹೊಸದಲ್ಲ. ನಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ದುಡಿಯುವವನ ಕೂಲಿಗೆ. ಲಾಭ ಬಂದಾಗ ಮಾತ್ರ ಅವನ ನೆನಪು ಯಾರಿಗೂ ಬಾರದು.

ಫುಟ್‌ಬಾಲಿನ ಹುಚ್ಚು ಹಿಡಿದ ನಾವು ಆಟದ ಮಾತೆತ್ತಿದರೆ, "ಅಕ್ಕಿ ಬೇಳೆಯ ಬೆಲೆ ಬಿಟ್ಟು ಚೆಂಡಿನ ಚರ್ಚೆ ಏಕೆ?" ಎಂದು ಕೇಳುವ ಮಿತ್ರರಿದ್ದಾರೆ. ಚೆಂಡಿನ ಮಾತೂ ಕಡೆಗೆ ಅಕ್ಕಿ ಬೇಳೆಯ ಮಾತೇ ಎಂದು ತೋರಿಸಿಕೊಡಲು ನಾಲ್ಕು ಸಂಗತಿಗಳನ್ನು ಹೇಳುತ್ತೇವೆ.

ವ್ಯಾಪಾರಿ ಮಿತ್ರರಿಗೆ ಗೊತ್ತಿರುವ ವ್ಯವಹಾರದಿಂದಲೇ ಆರಂಭಿಸೋಣ. ಪುರಸಭೆ ಸಂತೆ ಸುಂಕವನ್ನು ಹರಾಜು ಹಾಕುತ್ತದೆ. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಅವನು ತರಕಾರಿ ಬುಟ್ಟಿಗಿಷ್ಟು, ಕುರಿಗಿಷ್ಟು ಎಂದು ವಸೂಲು ಮಾಡಿಕೊಳ್ಳುತ್ತಾನೆ. ಅವನ ಮೇಲೆ ನಮ್ಮ ದೂರುಗಳೇನೇ ಇರಲಿ, ಗುತ್ತಿಗೆಯ ಅವಧಿ ಮುಗಿದ ಮಾತ್ರಕ್ಕೆ ಸಂತೆಯೇ ನಿಂತುಹೋದದ್ದನ್ನು ಯಾರಾದರೂ ಕಂಡಿದ್ದೀರಾ? ಸಂತೆ ಗುತ್ತಿಗೆದಾರನದಲ್ಲ. ಮಾರುವವರದು, ಕೊಳ್ಳುವವರದು. ಅವನಿಲ್ಲದಿದ್ದರೂ ಸೋಮವಾರದ ಸಂತೆ ಸೋಮವಾರವೇ ಸೇರುತ್ತದೆ.

ಆದರೆ ನಮ್ಮ ದೇಶದ ಫುಟ್‌ಬಾಲಿನಲ್ಲಿ ಈ ಸೋಜಿಗವೂ ನಡೆದುಹೋಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರಿನಲ್ಲಿ ಆಟದ ವ್ಯಾಪಾರದ ಹಕ್ಕುಗಳನ್ನೆಲ್ಲ 15 ವರ್ಷಗಳ ಕಾಲ, 700 ಕೋಟಿ ರೂಪಾಯಿಗೆ, ಐಎಂಜಿ-ರಿಲಯನ್ಸ್ ಕಂಪನಿಗೆ ಬರೆದುಕೊಟ್ಟಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ಹೊಸ ಸಂತೆ ಕಟ್ಟಲಾಯಿತು. ಸಿನಿಮಾ ತಾರೆಯರು ಬಂದರು, ಪಟಾಕಿ ಹಾರಿತು. ಹಳೆಯ ಐ-ಲೀಗನ್ನು ಹಿಂದಿನ ಬೆಂಚಿಗೆ ದೂಡಲಾಯಿತು. ಗೆದ್ದವನು ಮೇಲೇರಬೇಕೆಂಬ ಆಟದ ಮೂಲ ನೀತಿಗೇ ಅಲ್ಲಿ ಜಾಗವಿರಲಿಲ್ಲ. ಹಣ ಕಟ್ಟಿದವನಿಗೆ ಒಳಗೆ ಪ್ರವೇಶ, ಅಷ್ಟೆ. ಕೆಳಗಿನ ಲೀಗನ್ನು ಗೆದ್ದ ಬಲದಿಂದ ಒಂದು ತಂಡ ಮೇಲೆ ಬರಲು 2023ರವರೆಗೆ ಕಾಯಬೇಕಾಯಿತು. ಆ ವರ್ಷ ಪಂಜಾಬಿನ ತಂಡ ಬಂದದ್ದೇ ಮೊದಲು.

ಗುತ್ತಿಗೆಯ ಅವಧಿ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಗಿಯುತ್ತದೆಂದು 15 ವರ್ಷ ಮೊದಲೇ ಕಾಗದದಲ್ಲಿ ಬರೆದಿತ್ತು. ಆದರೂ ಫೆಡರೇಷನ್ನಿನ ಮಹಾಶಯರು ಎಚ್ಚರಗೊಳ್ಳಲಿಲ್ಲ. 2025ರ ಜುಲೈಯಲ್ಲಿ ಲೀಗ್ ಸ್ಥಗಿತಗೊಂಡಿತು. ಆಗಸ್ಟಿನಲ್ಲಿ ಸಂಬಳ ನಿಂತಿತು. ನವೆಂಬರಿನಲ್ಲಿ ಟೆಂಡರ್ ತೆರೆದು ನೋಡಿದರೆ ಒಬ್ಬನೇ ಒಬ್ಬನೂ ಕೂಗಿರಲಿಲ್ಲ. 2026ರ ಜನವರಿಯಲ್ಲಿ ಆಟಗಾರರೇ ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫಿಫಾಕ್ಕೆ ಬಹಿರಂಗವಾಗಿ ಮೊರೆಯಿಟ್ಟರು. ಬಳಿಕ ಕೇಂದ್ರ ಕ್ರೀಡಾಮಂತ್ರಿಗಳು, ಫೆಬ್ರವರಿ 14ರಿಂದ ಮೊಟಕಾದ ಲೀಗ್ ನಡೆಯುವುದೆಂದು ಸಾರಿದರು. ತಿಂಗಳುಗಟ್ಟಲೆ ಉಪವಾಸ ಕೆಡವಿ ಕೊನೆಗೆ ಗಂಜಿ ಬಡಿಸಿದವನು ತನ್ನನ್ನು ಅನ್ನದಾತನೆಂದು ಕರೆದುಕೊಳ್ಳುವ ಕಾಲವಿದು.

ಈ ಫೆಡರೇಷನ್ನಿನ ಗದ್ದುಗೆಯಲ್ಲಿ ಕುಳಿತವರು ಯಾರು? 1988ರಿಂದ 2008ರವರೆಗೆ ಕಾಂಗ್ರೆಸ್ಸಿನ ಪ್ರಿಯರಂಜನ್ ದಾಸ್‌ಮುನ್ಶಿ. ಅವರ ತರುವಾಯ 2022ರವರೆಗೆ ಎನ್.ಸಿ.ಪಿ.ಯ ಪ್ರಫುಲ್ ಪಟೇಲ್. ಅವರ ಅವಧಿ ತೀರಿದ ಮೇಲೂ ಕುರ್ಚಿ ಬಿಡಿಸಲು ಸುಪ್ರೀಂ ಕೋರ್ಟೇ ಮುಂದಾಗಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಬಿ.ಜೆ.ಪಿ.ಯ ಕಲ್ಯಾಣ್ ಚೌಬೆ ಗೆದ್ದರು. ಚೌಬೆ ಒಂದು ಕಾಲದ ಗೋಲ್‌ಕೀಪರ್, ಅದು ನಿಜ. ಆದರೆ ಎದುರಿಗೆ ನಿಂತವರು ದೇಶದ ತಂಡದ ನಾಯಕರಾಗಿದ್ದ ಭೈಚುಂಗ್ ಭೂಟಿಯಾ. ಭೂಟಿಯಾಗೆ ಬಿದ್ದ ಮತ ಒಂದು, ಚೌಬೆಗೆ 33! ಆಟ ನೋಡಲು ಗ್ಯಾಲರಿಯಲ್ಲಿ ಕೂರುವವರಿಗೆ ಮತವಿದ್ದಿದ್ದರೆ ಈ ಲೆಕ್ಕ ಹೀಗಿರುತ್ತಿತ್ತೆ? ಮೂರು ಪಕ್ಷ, ಮೂರು ಬಣ್ಣದ ಬಾವುಟ. ಕುರ್ಚಿ ಮಾತ್ರ ಒಂದೇ.

ಅವರ ಜಗಳದ ದಂಡ ತೆತ್ತವರು ಯಾರು? 2022ರ ಆಗಸ್ಟಿನಲ್ಲಿ ಫಿಫಾ ನಮ್ಮ ಫೆಡರೇಷನ್ನನ್ನು ಅಮಾನತು ಮಾಡಿದಾಗ, ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯದ ಪಂದ್ಯಾವಳಿಗಾಗಿ ಆಗಲೇ ತಾಷ್ಕೆಂಟ್ ತಲುಪಿತ್ತು. ಆ ಹೆಣ್ಣುಮಕ್ಕಳು ಆಡದೆಯೇ ಮರಳಬೇಕಾಯಿತು. ದೆಹಲಿಯ ಕುರ್ಚಿಗಳಿಗೆ ಒಂದು ಕಾಲೂ ಮುರಿಯಲಿಲ್ಲ.

ಇಷ್ಟೆಲ್ಲ ಮಾಡಿದ ಮಂದಿಯೇ ನಮಗೆ ಬೋಧಿಸುತ್ತಾರೆ: "ಆಟದಲ್ಲಿ ರಾಜಕೀಯ ತರಬೇಡಿ." ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ. 2022ರ ಸೆಪ್ಟೆಂಬರ್ 18ರಂದು ಕಲ್ಕತ್ತೆಯಲ್ಲಿ ಬೆಂಗಳೂರು ತಂಡ ಡ್ಯುರಾಂಡ್ ಕಪ್ ಗೆದ್ದಿತು. ಕಪ್ಪು ಕೊಡಲು ಬಂದ ರಾಜ್ಯಪಾಲರು ಫೋಟೋದಲ್ಲಿ ತಮ್ಮ ಮುಖ ಮರೆಯಾಗದಿರಲೆಂದು ನಾಯಕ ಸುನಿಲ್ ಛೇಟ್ರಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದ್ದನ್ನು ದೇಶವೇ ನೋಡಿತು. ಬೆವರು ಸುರಿಸಿದವನು ಪಕ್ಕಕ್ಕೆ, ಇಸ್ತ್ರಿ ಅಂಗಿಯವರು ಮುಂದಕ್ಕೆ. ಇದು ರಾಜಕೀಯವಲ್ಲವಂತೆ, ಶಿಷ್ಟಾಚಾರವಂತೆ!

ಮರುವರ್ಷ ಜುಲೈ 4ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯದ ಕಪ್ ಗೆದ್ದಿತು. ಮಣಿಪುರದ ಹುಡುಗ ಜೀಕ್ಸನ್ ಸಿಂಗ್ ಪದಕ ಪಡೆಯುವಾಗ ಏಳು ಬಣ್ಣದ ಮೈತೇಯಿ ಬಾವುಟ ಹೊದ್ದು ಬಂದ. ಆಗ ಎದ್ದಿತು ಕೂಗು: ಆಟದಲ್ಲಿ ರಾಜಕೀಯ! ಅವನು ಹೇಳಿದ್ದು, ಉರಿಯುತ್ತಿರುವ ತನ್ನ ನಾಡಿನ ಕಡೆ ಒಮ್ಮೆ ನೋಡಿ ಎಂದಷ್ಟೆ. ಅದೇ ಮೇ ತಿಂಗಳಲ್ಲಿ ಮಣಿಪುರದ ಇನ್ನೊಬ್ಬ ಆಟಗಾರ ಚಿಂಗ್ಲೆನ್‌ಸನಾ ಸಿಂಗ್ ಪಂದ್ಯಕ್ಕಾಗಿ ಕೇರಳಕ್ಕೆ ಹೋಗಿದ್ದಾಗ, ಊರಿನಲ್ಲಿ ಅವನ ಮನೆಯನ್ನೇ ಸುಟ್ಟಿದ್ದರು. ಅಲ್ಲಿ ಒಂದೇ ಪಂಗಡಕ್ಕೆ ನೋವಾಗಿದೆಯೆಂದು ನಾವು ಹೇಳುವುದಿಲ್ಲ. ಕುಕಿಗಳ ಮನೆಗಳೂ ಸುಟ್ಟಿವೆ, ಮೈತೇಯಿಗಳ ಮನೆಗಳೂ ಸುಟ್ಟಿವೆ. ನಮ್ಮ ಪ್ರಶ್ನೆ ಬೇರೆ. ಮನೆ ಸುಟ್ಟವರ ಕಡೆಯ ಹುಡುಗ ಬಾಯಿಬಿಟ್ಟರೆ ರಾಜಕೀಯ, ಸಂಬಂಧವಿಲ್ಲದ ಮಂತ್ರಿ ಕಪ್ಪಿನ ಪಕ್ಕ ಹಲ್ಲುಕಿರಿದು ನಿಂತರೆ ಕ್ರೀಡಾಭಿಮಾನ. ಈ ತಕ್ಕಡಿಯನ್ನು ಯಾವ ಅಂಗಡಿಯಲ್ಲಿ ಕೊಂಡಿರಿ, ಸ್ವಾಮಿ?

2024ರ ಆಗಸ್ಟ್ 18ರಂದು ಕಲ್ಕತ್ತೆಯಲ್ಲಿ ನಡೆದದ್ದನ್ನೂ ನೆನೆಯಬೇಕು. ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಘಟನೆಯಿಂದ ಊರು ಕುದಿಯುತ್ತಿತ್ತು. ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಪಂದ್ಯವನ್ನು ರದ್ದು ಮಾಡಿದರು. ಒಬ್ಬರ ಮುಖ ಒಬ್ಬರು ನೋಡದ ಆ ಎರಡು ತಂಡಗಳ ಅಭಿಮಾನಿಗಳು, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗಿನವರೂ, ಕ್ರೀಡಾಂಗಣದ ಹೊರಗೆ ಒಂದಾಗಿ ನಿಂತು ನ್ಯಾಯ ಕೇಳಿದರು. ಪೋಲೀಸರ ಲಾಠಿ ಬೀಸಿತು. ನೂರು ವರ್ಷದ ಹಗೆಯನ್ನು ಒಂದು ಸಂಜೆ ಬದಿಗಿಟ್ಟ ಆ ಜನರಿಗೆ ನಾವು ಇಲ್ಲಿಂದಲೇ ಕೈಮುಗಿಯುತ್ತೇವೆ.

ಇನ್ನು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. "ಲಕ್ಷಗಟ್ಟಲೆ ಎಣಿಸುವ ಆಟಗಾರನ ಸಂಬಳಕ್ಕೆ ಗಿರಣಿ ಆಳು ಏಕೆ ಮರುಗಬೇಕು?" ಎಂದು ಕೇಳುತ್ತಾರೆ. ಲಕ್ಷ ಎಣಿಸುವವರು ಕೆಲವರು. ಅವರ ಬೆನ್ನ ಹಿಂದೆ ಬೆಂಚಿನ ಹುಡುಗರಿದ್ದಾರೆ, ಮೈ ತಿಕ್ಕುವವರು, ಬಟ್ಟೆ ಒಗೆಯುವವರು, ಹುಲ್ಲಿಗೆ ನೀರು ಹಾಯಿಸುವವರಿದ್ದಾರೆ. ಹೆಸರಾಂತ ಆಟಗಾರನ ದುಡಿಮೆಯೂ ಮೂವತ್ತೈದರ ಆಸುಪಾಸಿಗೆ ಮುಗಿಯುತ್ತದೆ. ಮೊಣಕಾಲು ತಿರುಚಿದರೆ ಅದಕ್ಕೂ ಮೊದಲೇ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಎಂಥ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟುಪಾಡಿತ್ತು. ಗ್ಯಾಲರಿ ತುಂಬಿದ ಹಣ ಧಣಿಯ ಪೆಟ್ಟಿಗೆಗೆ. ಜಿಮ್ಮಿ ಹಿಲ್ ಎಂಬಾತನ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರ ಹೂಡುತ್ತೇವೆಂದು ನಿಂತ ಮೇಲೆಯೇ ಆ ಕಟ್ಟುಪಾಡು ಮುರಿದದ್ದು. ಯಾವ ಧಣಿಯೂ ಮನಸ್ಸು ಕರಗಿ ಕೊಟ್ಟದ್ದಲ್ಲ. ಸಂಘವಿದ್ದರೆ ಕೂಲಿ, ಇಲ್ಲದಿದ್ದರೆ ಭಿಕ್ಷೆ. ಗಿರಣಿಗೂ ಮೈದಾನಕ್ಕೂ ಒಂದೇ ಪಾಠ.

ಈ ಆಟವನ್ನು ನಮ್ಮ ದೇಶದಲ್ಲಿ ಕಟ್ಟಿದವರು ಗುತ್ತಿಗೆದಾರರಲ್ಲ. 1911ರಲ್ಲಿ ಬ್ರಿಟಿಷ್ ಸಿಪಾಯಿಗಳ ಬೂಟಿಗೆ ಬರಿಗಾಲು ಒಡ್ಡಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ಮೋಹನ್ ಬಗಾನ್. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಮುಂದೆ ಆಟವನ್ನು ಸಾಕಿದ್ದು ಕಾರ್ಖಾನೆಗಳು: ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್.; ಪಂಜಾಬಿನ ಫಗ್ವಾಡದಲ್ಲಿ ಜೆ.ಸಿ.ಟಿ. ಗಿರಣಿ. ಬಟ್ಟೆ ನೇಯುವ ಆ ಗಿರಣಿಯ ತಂಡವೇ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು. ಅಂಥ ತಂಡಗಳಲ್ಲಿ ಹುಡುಗನಿಗೆ ಚೆಂಡಿನ ಜೊತೆಗೆ ಒಂದು ನೌಕರಿಯೂ ಇತ್ತು. ಹೊಸ ಸಂತೆಯ ಗದ್ದಲ ಏಳುವ ಹೊತ್ತಿಗೆ, 2011ರಲ್ಲಿ, ಜೆ.ಸಿ.ಟಿ. ತಂಡ ಮುಚ್ಚಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದ ದಾವಣಗೆರೆಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯದ ವಿರುದ್ಧ 3-2. ಎಂಥ ಸುದಿನ! ಆದರೆ ಫೈನಲ್ ನಡೆದದ್ದು ಬೆಂಗಳೂರಿನಲ್ಲಲ್ಲ, ಶಿಲ್ಲಾಂಗಿನಲ್ಲೂ ಅಲ್ಲ, ಸೌದಿ ಅರೇಬಿಯದ ರಿಯಾದಿನಲ್ಲಿ. ಮದುವೆ ನಮ್ಮ ಮನೆಯದು, ಊಟದ ಪಂಕ್ತಿ ಪರವೂರಿನಲ್ಲಿ!

ನಾವು ಆಟಗಾರರನ್ನು ಬಯ್ಯುವುದೇ ಇಲ್ಲವೆಂದಲ್ಲ. 2025ರ ಅಕ್ಟೋಬರಿನಲ್ಲಿ ಮಡಗಾಂವಿನಲ್ಲಿ ಸಿಂಗಪುರದೆದುರು 2-1ರಿಂದ ಸೋತಾಗ, ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 1-0ಯಿಂದ ಶರಣಾದಾಗ ಬಾಯಿತುಂಬ ಬೈದಿದ್ದೇವೆ. ಬೈಯುವುದು ಅಭಿಮಾನಿಯ ಹಕ್ಕು. ಆದರೆ ನಿವೃತ್ತಿಯಾದ ಛೇಟ್ರಿಯನ್ನು 40ನೆಯ ವಯಸ್ಸಿನಲ್ಲಿ ಮರಳಿ ಕರೆತಂದು, 2025ರ ಮಾರ್ಚಿನಲ್ಲಿ ಮಾಲ್ದೀವ್ಸ್ ಮೇಲೆ ಅವನಿಂದಲೇ ಗೋಲು ಹೊಡೆಸಬೇಕಾಯಿತೆಂಬುದು ಛೇಟ್ರಿಗೆ ಕೀರ್ತಿ, ಫೆಡರೇಷನ್ನಿಗೆ ಅಪಕೀರ್ತಿ. ಬಿತ್ತದವನು ಬೆಳೆ ಬರಲಿಲ್ಲವೆಂದು ಎತ್ತಿಗೆ ಹೊಡೆಯಬಾರದು.

ಹಾಗಾದರೆ ಮಾಡುವುದೇನು? ಒಂದಾದ ಜನ ಗೆದ್ದ ಉದಾಹರಣೆ ಕಣ್ಣೆದುರಿಗಿದೆ. 2020ರಲ್ಲಿ ಮೋಹನ್ ಬಗಾನಿನ ಹೆಸರಿನ ಮುಂದೆ ಧಣಿಯ ಹಳೆಯ ತಂಡದ 'ಎಟಿಕೆ' ಎಂಬ ಪಟ್ಟಿ ಅಂಟಿಸಿದಾಗ ಅಭಿಮಾನಿಗಳು ಮೂರು ವರ್ಷ ಬಿಡದೆ ಬೀದಿಯಲ್ಲೂ ಗ್ಯಾಲರಿಯಲ್ಲೂ ಕೂಗಿದರು. 2023ರ ಮಾರ್ಚಿನಲ್ಲಿ ಧಣಿ ಆ ಪಟ್ಟಿಯನ್ನು ಕಿತ್ತುಹಾಕಲೇಬೇಕಾಯಿತು.

ಆದ್ದರಿಂದ ನಮ್ಮ ಹಕ್ಕೊತ್ತಾಯ ಸ್ಪಷ್ಟವಾಗಿದೆ. ಲೀಗ್ ನಿಂತರೂ ಆಟಗಾರನ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಬಾರದು, ಅದಕ್ಕೆ ಠೇವಣಿ ಇಡದ ಧಣಿಗೆ ತಂಡ ಕಟ್ಟುವ ಪರವಾನಗಿ ಕೊಡಬಾರದು. ಆಟಗಾರರ ಸಂಘಕ್ಕೂ ಅಭಿಮಾನಿಗಳಿಗೂ ಫೆಡರೇಷನ್ನಿನಲ್ಲಿ ಮತ ಬೇಕು. ಮಂತ್ರಿ, ಶಾಸಕ, ಸಂಸದರು ಗ್ಯಾಲರಿಯಲ್ಲಿ ಟಿಕೆಟ್ ಕೊಂಡು ಕೂರಲಿ, ಗದ್ದುಗೆ ಬಿಡಲಿ. ಜಿಲ್ಲೆಗೊಂದು ಲೀಗ್ ನಡೆಯಲಿ, ಗೆದ್ದವನಿಗೆ ಮೇಲಿನವರೆಗೂ ಏಣಿ ಇರಲಿ.

ಗುತ್ತಿಗೆದಾರ ಬರುತ್ತಾನೆ, ಹೋಗುತ್ತಾನೆ. ಸಂತೆ ಜನರದು, ಮೈದಾನ ಜನರದು, ಚೆಂಡೂ ಜನರದೇ. ಅವನ ಕಂಕುಳಿನಿಂದ ಅದನ್ನು ಕಿತ್ತು ಮತ್ತೆ ನೆಲಕ್ಕಿಳಿಸುವ ಕೆಲಸಕ್ಕೆ ಗಿರಣಿಯ ಬಂಧುಗಳೂ ಅಂಗಡಿಯ ಮಿತ್ರರೂ ನಮ್ಮೊಡನೆ ಕೈಗೂಡಿಸಬೇಕು.